ಕುಲುಮೆ, ಓವನ್, ಬಾಯ್ಲರ್‌ಗಳ ಇಂಧನ ಖರ್ಚು ತಗ್ಗಿಸಲು ದೂರದಿಂದ ನಿಗಾ ಇಡುವುದು ಹೇಗೆ

ಕೈಗಾರಿಕಾ ಕುಲುಮೆಯ ಮುಂದೆ ನಿಂತವರ ಕಣ್ಣಿಗೆ ಬೀಳುವುದು ಸಾಮಾನ್ಯವಾಗಿ ಒಂದೇ ಅಂಕಿ, ಅದು ತಾಪಮಾನ. ನಿಯಂತ್ರಕದಲ್ಲಿ 850 ಡಿಗ್ರಿ ಸೆಲ್ಸಿಯಸ್ ಎಂದು ಹೊಂದಿಸಿದ್ದು, ಪರದೆಯ ಮೇಲೂ 850 ಎಂದೇ ತೋರುತ್ತಿದ್ದರೆ, ಎಲ್ಲವೂ ಸರಿಯಿದೆ ಎಂದುಕೊಂಡು ಪಾಳಿಯವರು ಬೇರೆ ಕೆಲಸಕ್ಕೆ ಹೋಗುತ್ತಾರೆ. ಆದರೆ ಬಾಗಿಲಿನ ಸೀಲ್ ಹರಿದಿದ್ದರೂ, ಒಳಪದರದ ಇಟ್ಟಿಗೆ ಸಡಿಲಗೊಂಡಿದ್ದರೂ, ಬರ್ನರ್ ಅಗತ್ಯಕ್ಕಿಂತ ಹೆಚ್ಚು ಗಾಳಿ ಎಳೆಯುತ್ತಿದ್ದರೂ ಆ ಅಂಕಿ 850 ರಲ್ಲೇ ನಿಂತಿರುತ್ತದೆ. ತಳ ಸೋರುವ ಕೊಡಕ್ಕೆ ನಲ್ಲಿಯನ್ನು ಇನ್ನಷ್ಟು ತಿರುಗಿಸಿ ನೀರಿನ ಮಟ್ಟ ಕಾಯ್ದುಕೊಂಡಂತೆ, ನಿಯಂತ್ರಕವು ಸೋರಿಹೋದ ಶಾಖವನ್ನು ಹೆಚ್ಚು ಇಂಧನದಿಂದ ತುಂಬಿಸುತ್ತ ಹೋಗುತ್ತದೆ. ಹೀಗಾಗಿ ತಾಪಮಾನ ಸ್ಥಿರವಾಗಿದೆ ಎಂಬುದು ಉತ್ಪಾದನೆಯ ಗುಣಮಟ್ಟಕ್ಕೆ ಸಾಕ್ಷಿಯೇ ಹೊರತು ಇಂಧನದ ಮಿತವ್ಯಯಕ್ಕಲ್ಲ.

ದೂರದಿಂದ ನಿಗಾ ಇಡುವ ವ್ಯವಸ್ಥೆಯನ್ನು ಬರೀ ತಾಪಮಾನವನ್ನು ಮೊಬೈಲಿನಲ್ಲಿ ನೋಡಲು ಅಳವಡಿಸಿಕೊಂಡರೆ ಅದರಿಂದ ಅನುಕೂಲವಾದೀತು, ಉಳಿತಾಯವಾಗದು. ಒಳಗೆ ಹೋಗುತ್ತಿರುವ ಶಕ್ತಿ, ಹೊರಗೆ ಹೋಗುತ್ತಿರುವ ಶಾಖ, ಆ ಹೊತ್ತಿನಲ್ಲಿ ಸಲಕರಣೆ ನಿಜವಾಗಿ ಮಾಡುತ್ತಿರುವ ಕೆಲಸ ಈ ಮೂರನ್ನೂ ಒಂದೇ ಗಡಿಯಾರದ ಮೇಲೆ ದಾಖಲಿಸಿದಾಗ ಮಾತ್ರ ವ್ಯರ್ಥವಾಗುತ್ತಿರುವುದು ಎಲ್ಲಿ ಎಂಬುದು ಕಾಣುತ್ತದೆ. ಮುಂದಿನ ವಿವರಗಳೆಲ್ಲ ಈ ಮೂರು ದಾಖಲೆಗಳನ್ನು ನಂಬುವಂತೆ ಪಡೆಯುವುದು ಮತ್ತು ಓದುವುದು ಹೇಗೆ ಎಂಬುದರ ಕುರಿತಾಗಿವೆ.

ಏನನ್ನು ಅಳೆಯಬೇಕು

ಇಡೀ ಕಾರ್ಖಾನೆಯನ್ನು ಒಮ್ಮೆಲೇ ಜಾಲಕ್ಕೆ ಸೇರಿಸುವ ಆತುರ ಬೇಡ. ಒಂದು ಅಥವಾ ಎರಡು ಸಲಕರಣೆಗಳನ್ನು ಆರಿಸಿಕೊಂಡು ಆರಂಭಿಸುವುದು ಒಳ್ಳೆಯದು. ಆಯ್ಕೆಗೆ ಎರಡು ಲಕ್ಷಣ ಸಾಕು: ಅದು ವರ್ಷವಿಡೀ ಹೆಚ್ಚು ಇಂಧನ ನುಂಗುವಂಥದ್ದಾಗಿರಬೇಕು ಮತ್ತು ದಿನದ ಕೆಲವು ಗಂಟೆಯಾದರೂ ಸರಕಿಲ್ಲದೆ ಕಾದುಕೊಂಡಿರುವಂಥದ್ದಾಗಿರಬೇಕು. ಬಿಡುವಿಲ್ಲದೆ ಪೂರ್ಣ ಲೋಡಿನಲ್ಲಿ ಓಡುವ ಸಲಕರಣೆಗಿಂತ, ಆಗಾಗ ಖಾಲಿ ನಿಲ್ಲುವ ಸಲಕರಣೆಯಲ್ಲಿ ಉಳಿತಾಯಕ್ಕೆ ಅವಕಾಶ ಹೆಚ್ಚು.

ವಿದ್ಯುತ್ ಕುಲುಮೆಯಾದರೆ ಅದಕ್ಕೆ ವಿದ್ಯುತ್ ತರುವ ಲೈನಿಗೇ (ಫೀಡರಿಗೇ) ಪ್ರತ್ಯೇಕ ಮೂರು ಫೇಸಿನ ಎನರ್ಜಿ ಮೀಟರ್ ಬೇಕು. ಮೀಟರಿನೊಂದಿಗೆ ಹಾಕುವ ಕರೆಂಟ್ ಟ್ರಾನ್ಸ್‌ಫಾರ್ಮರ್‌ಗಳ, ಅಂದರೆ ತಂತಿಯ ಕರೆಂಟನ್ನು ಮೀಟರಿನ ಅಳತೆಗೆ ತಗ್ಗಿಸಿಕೊಡುವ ಸಿಟಿಗಳ, ಮೇಲಿನ ಬಾಣದ ಗುರುತು ಲೋಡಿನ ಕಡೆಗಿರಬೇಕು, ಮತ್ತು ಆಯಾ ಫೇಸಿನ ಸಿಟಿ ಅದೇ ಫೇಸಿನ ವೋಲ್ಟೇಜಿನೊಂದಿಗೆ ಜೋಡಿಯಾಗಿರಬೇಕು. ಸಮತೋಲನದ ಲೋಡಿನಲ್ಲಿ ಒಂದೇ ಒಂದು ಸಿಟಿ ತಿರುವುಮುರುವಾದರೂ ಎರಡು ಫೇಸಿನ ಕೂಡಿಕೆಯಿಂದ ಮೂರನೆಯದು ಕಳೆದುಹೋಗಿ, ಮೀಟರ್ ನಿಜವಾದ ಬಳಕೆಯ ಮೂರನೇ ಒಂದು ಭಾಗವನ್ನಷ್ಟೇ ತೋರಿಸುತ್ತದೆ. ಈ ತಪ್ಪು ಹಲವೆಡೆ ತಿಂಗಳುಗಟ್ಟಲೆ ಗಮನಕ್ಕೆ ಬಾರದೆ ಉಳಿಯುತ್ತದೆ, ಏಕೆಂದರೆ ಕಡಿಮೆ ಅಂಕಿ ಕಂಡಾಗ ಯಾರೂ ದೂರುವುದಿಲ್ಲ. ಲೈನಿನಲ್ಲಿ ಕರೆಂಟ್ ಹರಿಯುತ್ತಿರುವಾಗ ಸಿಟಿಯ ಸೆಕೆಂಡರಿ ತಂತಿಯನ್ನು ಎಂದಿಗೂ ಬಿಚ್ಚಬಾರದು. ತೆರೆದ ತುದಿಗಳ ನಡುವೆ ಅಪಾಯಕಾರಿ ವೋಲ್ಟೇಜ್ ಹುಟ್ಟುತ್ತದೆ.

ಥೈರಿಸ್ಟರ್ ಅಥವಾ ಸಾಲಿಡ್ ಸ್ಟೇಟ್ ರಿಲೇ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚುಗಳ ಮೂಲಕ ನಡೆಯುವ ಹೀಟರುಗಳು ಕ್ಷಣಕ್ಷಣಕ್ಕೂ ಆನ್-ಆಫ್ ಆಗುತ್ತಿರುತ್ತವೆ. ಇಂಥಲ್ಲಿ ನಿಮಿಷಕ್ಕೊಮ್ಮೆ ಕಿಲೋವ್ಯಾಟ್ ಓದಿಕೊಂಡರೆ ಒಮ್ಮೆ ಸೊನ್ನೆ, ಮರುಬಾರಿ ಪೂರ್ಣ ಲೋಡ್ ಎಂದು ಅರ್ಥವಿಲ್ಲದ ಗೆರೆ ಸಿಗುತ್ತದೆ. ಆದ್ದರಿಂದ ಮೀಟರಿನೊಳಗಿನ ಒಟ್ಟು ಯೂನಿಟ್‌ಗಳ ಎಣಿಕೆಯನ್ನೇ ಓದಿ, ಒಂದು ಓದಿನಿಂದ ಮುಂದಿನ ಓದಿಗೆ ಆದ ವ್ಯತ್ಯಾಸದಿಂದ ಸರಾಸರಿ ಕಿಲೋವ್ಯಾಟ್ ಲೆಕ್ಕ ಹಾಕಬೇಕು. ಇದಕ್ಕೆ ಇನ್ನೊಂದು ಲಾಭವೂ ಇದೆ: ನಡುವೆ ಜಾಲ ಒಂದೆರಡು ಗಂಟೆ ಕಡಿದುಹೋದರೂ ಒಟ್ಟು ಲೆಕ್ಕ ತಪ್ಪುವುದಿಲ್ಲ. ಜೊತೆಗೆ ಮೂರೂ ಫೇಸಿನ ಕರೆಂಟನ್ನು ಬೇರೆ ಬೇರೆಯಾಗಿ ದಾಖಲಿಸಿದರೆ, ಒಂದು ಹೀಟರ್ ಸುರುಳಿ ತುಂಡಾದ ದಿನವೇ ಫೇಸುಗಳ ನಡುವಿನ ಅಸಮತೋಲನದಲ್ಲಿ ಅದು ಗೊತ್ತಾಗುತ್ತದೆ. ಸುರುಳಿ ತುಂಡಾದ ಕುಲುಮೆ ಕಡಿಮೆ ಕಿಲೋವ್ಯಾಟ್ ಎಳೆಯುವುದರಿಂದ ಉಳಿತಾಯವಾಗುತ್ತಿದೆ ಎಂಬ ಭ್ರಮೆ ಹುಟ್ಟಬಹುದು. ವಾಸ್ತವದಲ್ಲಿ ಅದು ಪ್ರತಿ ಬ್ಯಾಚನ್ನೂ ಹೆಚ್ಚು ಹೊತ್ತು ಕಾಯಿಸುತ್ತದೆ ಮತ್ತು ಆ ಹೆಚ್ಚುವರಿ ಹೊತ್ತಿನುದ್ದಕ್ಕೂ ಗೋಡೆಗಳಿಂದ ಶಾಖ ಸೋರುತ್ತಲೇ ಇರುತ್ತದೆ.

ಅನಿಲ ಇಂಧನವನ್ನು ಅಳೆಯುವಾಗ ಬರೀ ಘನ ಮೀಟರ್ ಸಾಲದು. ಅದೇ ಒತ್ತಡದಲ್ಲಿ ಅನಿಲವು 15 ಡಿಗ್ರಿಯಿಂದ 35 ಡಿಗ್ರಿಗೆ ಬೆಚ್ಚಗಾದರೆ ಅದರ ಗಾತ್ರ ಸುಮಾರು ಶೇ. 7 ರಷ್ಟು ಹಿಗ್ಗುತ್ತದೆ, ಆದರೆ ಅದರೊಳಗಿನ ಶಕ್ತಿ ಹೆಚ್ಚುವುದಿಲ್ಲ. ಆದ್ದರಿಂದ ತಾಪಮಾನ ಮತ್ತು ಒತ್ತಡಕ್ಕೆ ತಿದ್ದುಪಡಿ ಮಾಡಿದ ಹರಿವನ್ನೇ ದಾಖಲಿಸಬೇಕು. ಇಲ್ಲದಿದ್ದರೆ ಬೇಸಿಗೆಯ ಮತ್ತು ಚಳಿಗಾಲದ ಅಂಕಿಗಳನ್ನು ಹೋಲಿಸುವುದು ವ್ಯರ್ಥ. ಎಣ್ಣೆ ಬರ್ನರಿಗೆ ಮರಳುವ ಕೊಳವೆ ಇದ್ದರೆ, ಹೋಗುವ ಎಣ್ಣೆಯ ಜೊತೆಗೆ ಮರಳುವ ಎಣ್ಣೆಯನ್ನೂ ಅಳೆದು ಕಳೆಯಬೇಕು.

ಶಾಖ ಹೊರಹೋಗುವ ದಾರಿಗಳಲ್ಲಿ ಮುಖ್ಯವಾದದ್ದು ಚಿಮಣಿ. ಅಲ್ಲಿ ಹೊಗೆ ಅನಿಲದ ತಾಪಮಾನ ಮತ್ತು ಅದರಲ್ಲಿ ಉಳಿದಿರುವ ಆಮ್ಲಜನಕದ ಪ್ರಮಾಣ ಎರಡೂ ಬೇಕು. ಸೆನ್ಸರನ್ನು ಹೊರಗಿನ ತಂಪು ಗಾಳಿ ಸೇರಿಕೊಳ್ಳುವ ಜಾಗಕ್ಕಿಂತ ಮೊದಲೇ, ಹರಿವಿನ ನಡುಭಾಗಕ್ಕೆ ತುದಿ ತಲುಪುವಂತೆ ಕೂರಿಸಬೇಕು. ಸಡಿಲವಾದ ಜಾಯಿಂಟಿನಿಂದ ಗಾಳಿ ನುಗ್ಗುವ ಕಡೆ ಕೂರಿಸಿದರೆ ಆಮ್ಲಜನಕ ಹೆಚ್ಚಾಗಿಯೂ ತಾಪಮಾನ ಕಡಿಮೆಯಾಗಿಯೂ ಕಂಡು, ಬರ್ನರನ್ನು ಹೊಂದಿಸುವವರು ದಾರಿ ತಪ್ಪುತ್ತಾರೆ. ಕುಲುಮೆಯೊಳಗಿನ ತಾಪಕ್ಕೆ ಥರ್ಮೋಕಪಲ್, ಅಂದರೆ ಎರಡು ಬೇರೆ ಲೋಹಗಳ ತಂತಿ ಬೆಸೆದ ಸೆನ್ಸರ್, ಬಳಸುತ್ತಿದ್ದರೆ ಅದರ ವಿಧಕ್ಕೆ ಹೊಂದುವ ಕೇಬಲನ್ನೇ, ಧನ-ಋಣ ತಪ್ಪದಂತೆ ಕೊನೆಯವರೆಗೂ ಎಳೆಯಬೇಕು. ನಡುವೆ ಸಾಮಾನ್ಯ ತಾಮ್ರದ ತಂತಿ ಸೇರಿಸಿದರೆ ಜೋಡಣೆಯ ಪೆಟ್ಟಿಗೆ ಬಿಸಿಯಾದಷ್ಟೂ ಓದು ತಪ್ಪುತ್ತದೆ. ಬಿಸಿನೀರು, ಕಂಡೆನ್ಸೇಟ್ (ಹಬೆ ತಣಿದು ಮರಳುವ ನೀರು) ಮುಂತಾದ ಕಡಿಮೆ ತಾಪದ ಜಾಗಗಳಿಗೆ ಪಿಟಿ-100, ಅಂದರೆ ಪ್ಲಾಟಿನಂ ತಂತಿಯ ವಿದ್ಯುತ್ ರೋಧದಿಂದ ತಾಪ ಅಳೆಯುವ ಸೆನ್ಸರ್, ಸೂಕ್ತ.

ಮೂರನೆಯ ದಾಖಲೆಯನ್ನು, ಅಂದರೆ ಸಲಕರಣೆ ಆ ಹೊತ್ತಿನಲ್ಲಿ ಏನು ಮಾಡುತ್ತಿತ್ತು ಎಂಬುದನ್ನು, ಹೆಚ್ಚಿನವರು ಮರೆಯುತ್ತಾರೆ. ಬ್ಯಾಚಿನ ತೂಕ, ಬ್ಯಾಚ್ ಒಳಹೋದ ಮತ್ತು ಹೊರಬಂದ ಸಮಯ, ಬಾಗಿಲಿನ ಸ್ಥಿತಿ ಇಷ್ಟು ಸಾಕು. ಇವುಗಳಲ್ಲಿ ಬಾಗಿಲಿಗೆ ಹಾಕುವ ಸಾದಾ ಲಿಮಿಟ್ ಸ್ವಿಚ್‌ಗೆ ತಗಲುವ ಶ್ರಮ ಅತಿ ಕಡಿಮೆ, ಅದು ಕೊಡುವ ಮಾಹಿತಿ ಅತಿ ಹೆಚ್ಚು. 1000 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಕುಲುಮೆಯ ತೆರೆದ ಬಾಯಿಯಿಂದ ವಿಕಿರಣದ ಮೂಲಕವೇ ಪ್ರತಿ ಚದರ ಮೀಟರಿಗೆ ಸುಮಾರು 149 ಕಿಲೋವ್ಯಾಟ್‌ವರೆಗೆ ಶಾಖ ಹೊರಬೀಳಬಲ್ಲದು. ಕೈಚಾಚುವಷ್ಟು, ಅಂದರೆ ಚದರ ಮೀಟರಿನ ಹತ್ತನೇ ಒಂದು ಭಾಗದಷ್ಟು ಸಂದು ತೆರೆದಿದ್ದರೂ ಅದು 15 ಕಿಲೋವ್ಯಾಟ್‌ನ ಆಸುಪಾಸು. ಬಾಗಿಲು ದಿನಕ್ಕೆ ಒಟ್ಟು ಎಷ್ಟು ನಿಮಿಷ ತೆರೆದಿತ್ತು ಎಂಬ ಒಂದೇ ಅಂಕಿಯನ್ನು ಪಾಳಿವಾರು ಬರೆದು ತೂಗುಹಾಕಿದರೆ, ಯಾರಿಗೂ ಏನನ್ನೂ ಹೇಳದೆಯೇ ಆ ನಿಮಿಷಗಳು ಇಳಿಯತೊಡಗುತ್ತವೆ.

ಅಂಕಿಗಳನ್ನು ಹೊರಗೆ ತರುವುದು

ಮೀಟರು, ನಿಯಂತ್ರಕಗಳಲ್ಲಿ ಬಹಳಷ್ಟಕ್ಕೆ ಆರ್‌ಎಸ್-485 ಎಂಬ, ತಂತಿಯ ಮೂಲಕ ಅಂಕಿಗಳನ್ನು ಕಳಿಸುವ ಪೋರ್ಟ್ ಇದ್ದೇ ಇರುತ್ತದೆ, ಅವು ಮಾಡ್‌ಬಸ್ ಭಾಷೆಯಲ್ಲಿ ಮಾತನಾಡುತ್ತವೆ. 1979 ರಲ್ಲಿ ಬಂದ ಈ ಪದ್ಧತಿ ಹಳೆಯದಾದರೂ ಕಾರ್ಖಾನೆಯ ಒರಟು ವಾತಾವರಣದಲ್ಲಿ ಇಂದಿಗೂ ನೆಚ್ಚಬಹುದಾದದ್ದು. ತಂತಿಯನ್ನು ಒಂದು ಉಪಕರಣದಿಂದ ಮುಂದಿನದಕ್ಕೆ ಸರಪಳಿಯಂತೆ ಎಳೆಯಬೇಕು, ನಡುವಿನಿಂದ ಕವಲು ಒಡೆಯಬಾರದು. ಎರಡೂ ತುದಿಗಳಲ್ಲಿ 120 ಓಮಿನ ರೆಸಿಸ್ಟರ್ ಹಾಕಿ, ಕಡಿಮೆ ವೇಗ ಇಟ್ಟುಕೊಂಡರೆ ಸುಮಾರು 1200 ಮೀಟರ್ ದೂರದವರೆಗೆ ಅದು ಕೆಲಸ ಮಾಡುತ್ತದೆ. ಹೀಟರಿನ ಪವರ್ ಕೇಬಲ್ ಹೋಗುವ ಟ್ರೇಯಲ್ಲೇ ಇದನ್ನೂ ಹಾಯಿಸಬಾರದು. ಮೊದಲ ಬಾರಿ ಓದಿದಾಗ 230 ವೋಲ್ಟ್ ಬರಬೇಕಾದಲ್ಲಿ ಅಸಂಬದ್ಧವಾದ ದೊಡ್ಡ ಅಂಕಿ ಬಂದರೆ, ಮೀಟರ್ ಕೆಟ್ಟಿದೆ ಎಂದು ತೀರ್ಮಾನಿಸುವ ಮುನ್ನ 32 ಬಿಟ್ ಅಂಕಿಯ ಎರಡು ಭಾಗಗಳು ಅದಲುಬದಲಾಗಿವೆಯೇ ಎಂದು ನೋಡಬೇಕು. ಬಹುಪಾಲು ಸಲ ಕಾರಣ ಅದೇ.

ಹಳೆಯ ಸೆನ್ಸರುಗಳಿಗೆ 4 ರಿಂದ 20 ಮಿಲಿಆಂಪಿಯರ್ ಸಂಕೇತ ಇರುತ್ತದೆ. ಇಲ್ಲಿ ಕನಿಷ್ಠ ಓದಿಗೂ 4 ಮಿಲಿಆಂಪಿಯರ್ ಇರುವುದರಿಂದ, ಸಂಕೇತ ಸೊನ್ನೆಗೆ ಬಿದ್ದರೆ ತಂತಿ ಕಡಿದಿದೆ ಎಂದೇ ಅರ್ಥ. ಈ ವ್ಯತ್ಯಾಸವನ್ನು ಸಾಫ್ಟ್‌ವೇರಿನಲ್ಲಿ ಗುರುತಿಸುವಂತೆ ಮಾಡದಿದ್ದರೆ, ತಂತಿ ಕಡಿದ ದಿನ ಇಂಧನವೇ ಬಳಕೆಯಾಗಿಲ್ಲ ಎಂಬ ವರದಿ ಸಿದ್ಧವಾಗುತ್ತದೆ.

ಇವೆಲ್ಲವನ್ನೂ ಒಟ್ಟುಗೂಡಿಸಿ ಹೊರಗೆ ಕಳಿಸುವ ಗೇಟ್‌ವೇ ಆರಿಸುವಾಗ ಎರಡು ಗುಣಗಳನ್ನು ಬಿಟ್ಟುಕೊಡಬಾರದು: ಸಂಪರ್ಕ ಕಡಿದಾಗ ಕೆಲವು ದಿನಗಳ ಅಂಕಿಗಳನ್ನು ತನ್ನಲ್ಲೇ ಇಟ್ಟುಕೊಂಡು ಆಮೇಲೆ ಕಳಿಸುವ ಶಕ್ತಿ, ಮತ್ತು ಗಡಿಯಾರವನ್ನು ತಾನಾಗಿ ಸರಿಪಡಿಸಿಕೊಳ್ಳುವ ಶಕ್ತಿ. ಎನರ್ಜಿ ಮೀಟರಿನ ಗಡಿಯಾರಕ್ಕೂ ಬ್ಯಾಚ್ ಪುಸ್ತಕದ ಗಡಿಯಾರಕ್ಕೂ ಹತ್ತು ನಿಮಿಷ ಅಂತರವಿದ್ದರೆ, ಬಾಗಿಲು ತೆರೆದಾಗ ಏರಿದ ಬಳಕೆ ಬೇರೆ ಯಾವುದೋ ಬ್ಯಾಚಿನ ತಲೆಗೆ ಕಟ್ಟಲ್ಪಡುತ್ತದೆ. ಎಷ್ಟು ಹೊತ್ತಿಗೊಮ್ಮೆ ಓದಬೇಕು ಎಂಬ ಪ್ರಶ್ನೆಗೆ, ಯೂನಿಟ್ ಎಣಿಕೆಗೆ ನಿಮಿಷಕ್ಕೊಮ್ಮೆ, ತಾಪಮಾನ ಮತ್ತು ಆಮ್ಲಜನಕಕ್ಕೆ ಹತ್ತರಿಂದ ಮೂವತ್ತು ಸೆಕೆಂಡಿಗೊಮ್ಮೆ, ಬಾಗಿಲಿಗೆ ಸ್ಥಿತಿ ಬದಲಾದಾಗಲೆಲ್ಲ ಎಂಬುದು ಸಮಂಜಸ ಉತ್ತರ. ಭಾರಿ ಇಟ್ಟಿಗೆಯ ಕುಲುಮೆಯ ಗೋಡೆ ಸೆಕೆಂಡಿನೊಳಗೆ ಬದಲಾಗುವುದಿಲ್ಲ. ಅದನ್ನು ಸೆಕೆಂಡಿಗೊಮ್ಮೆ ಓದಿ ಕೂಡಿಡುವುದರಿಂದ ಡಿಸ್ಕ್ ತುಂಬುತ್ತದೆಯೇ ಹೊರತು ತಿಳಿವಳಿಕೆ ಹೆಚ್ಚುವುದಿಲ್ಲ.

ಸಾಮಾನ್ಯ ಮಾಡ್‌ಬಸ್‌ನಲ್ಲಿ ಪಾಸ್‌ವರ್ಡ್ ಎಂಬುದೇ ಇಲ್ಲ, ತಲುಪಿದವರೆಲ್ಲರಿಗೂ ಅದು ಉತ್ತರಿಸುತ್ತದೆ. ಆದಕಾರಣ ಅದರ ಪೋರ್ಟನ್ನು ನೇರವಾಗಿ ಅಂತರ್ಜಾಲಕ್ಕೆ ತೆರೆಯಲೇಬಾರದು. ಗೇಟ್‌ವೇ ತಾನೇ ಹೊರಗಿನ ಸರ್ವರಿಗೆ ಗೂಢಲಿಪೀಕರಿಸಿದ ಸಂಪರ್ಕ ಮಾಡಿಕೊಳ್ಳಬೇಕು, ಹೊರಗಿನಿಂದ ಒಳಬರುವ ದಾರಿ ಮುಚ್ಚಿರಬೇಕು, ಕಂಪನಿಯಿಂದ ಬಂದಾಗ ಇದ್ದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಬೇಕು. ಇದಕ್ಕಿಂತ ಮಿಗಿಲಾದ ಎಚ್ಚರಿಕೆ ಸುರಕ್ಷತೆಯದು. ಉರಿ ಆರಿದಾಗ ಬರ್ನರನ್ನು ನಿಲ್ಲಿಸುವ ಸಾಧನ, ಬಾಯ್ಲರಿನ ನೀರು ತಗ್ಗಿದಾಗ ಇಂಧನ ಕಡಿಯುವ ಸ್ವಿಚ್, ಅತಿತಾಪದ ಸ್ವತಂತ್ರ ನಿಯಂತ್ರಕ ಇವೆಲ್ಲ ಸ್ಥಳದಲ್ಲೇ, ಜಾಲದ ಹಂಗಿಲ್ಲದೆ ಕೆಲಸ ಮಾಡಬೇಕು. ದೋಷ ಕಂಡು ತಾನೇ ನಿಂತು ಲಾಕ್ ಆದ ಬರ್ನರನ್ನು ದೂರದಿಂದ ಮತ್ತೆ ಹೊತ್ತಿಸುವ ಅನುಕೂಲವನ್ನು ಯಾರಾದರೂ ಒದಗಿಸುತ್ತೇವೆಂದರೆ ಬೇಡವೆನ್ನಬೇಕು. ಕಾರಣವನ್ನು ಕಣ್ಣಾರೆ ನೋಡದೆ ಹೊತ್ತಿಸಿದರೆ ಸ್ಫೋಟಕ್ಕೆ ದಾರಿಯಾಗುತ್ತದೆ. ಆರಂಭದ ವರ್ಷವಂತೂ ದೂರದ ಸಂಪರ್ಕ ಓದುವುದಕ್ಕಷ್ಟೇ ಇರಲಿ.

ಮೊದಲ ನಾಲ್ಕು ವಾರ ಏನನ್ನೂ ಬದಲಿಸದಿರುವುದು

ಅಂಕಿಗಳು ಬರತೊಡಗಿದ ಕೂಡಲೇ ಸುಧಾರಣೆಗೆ ಕೈಹಾಕುವ ಆಸೆ ಸಹಜ. ಆದರೂ ಕನಿಷ್ಠ ನಾಲ್ಕು ವಾರ ಸಲಕರಣೆಯನ್ನು ಹಿಂದೆ ನಡೆಸುತ್ತಿದ್ದಂತೆಯೇ ನಡೆಸಿ, ಮುಂದಿನ ಹೋಲಿಕೆಗೆ ಆಧಾರರೇಖೆ ಸಿದ್ಧಪಡಿಸಿಕೊಳ್ಳಬೇಕು. ಇದಿಲ್ಲದಿದ್ದರೆ ಆಮೇಲೆ ಆದ ಉಳಿತಾಯ ನಿಜವೋ, ಉತ್ಪಾದನೆ ತಗ್ಗಿದ್ದರಿಂದ ಕಂಡದ್ದೋ ಹೇಳಲು ಬರುವುದಿಲ್ಲ.

ಪ್ರತಿದಿನದ ಉತ್ಪಾದನೆಯನ್ನು ಅಡ್ಡ ಅಕ್ಷದಲ್ಲೂ ಆ ದಿನದ ಶಕ್ತಿಯನ್ನು ಲಂಬ ಅಕ್ಷದಲ್ಲೂ ಗುರುತು ಮಾಡಿ, ಬಿಂದುಗಳ ನಡುವೆ ನೇರ ರೇಖೆ ಎಳೆಯುವುದು ಸರಳವಾದ, ಆದರೆ ಬಹಳ ಮಾತನಾಡುವ ವಿಧಾನ. ಉದಾಹರಣೆಗೆ ರೇಖೆಯು ದಿನಕ್ಕೆ 900 ಯೂನಿಟ್, ಅದರ ಮೇಲೆ ಪ್ರತಿ ಟನ್ನಿಗೆ 310 ಯೂನಿಟ್ ಎಂದು ಹೇಳುತ್ತದೆ ಎಂದಿಟ್ಟುಕೊಳ್ಳೋಣ. 10 ಟನ್ ಕಾಯಿಸಿದ ದಿನ 4000 ಯೂನಿಟ್, ಅಂದರೆ ಟನ್ನಿಗೆ 400. 4 ಟನ್ ಕಾಯಿಸಿದ ದಿನ 2140 ಯೂನಿಟ್, ಅಂದರೆ ಟನ್ನಿಗೆ 535. ಟನ್ನಿಗೆ ಎಷ್ಟು ಎಂಬ ಅಂಕಿಯನ್ನಷ್ಟೇ ನೋಡುವ ವ್ಯವಸ್ಥಾಪಕರು ಎರಡನೆಯ ದಿನ ಯಾರೋ ತಪ್ಪು ಮಾಡಿದ್ದಾರೆ ಎಂದು ಭಾವಿಸುತ್ತಾರೆ, ಆದರೆ ಸಲಕರಣೆ ಎರಡೂ ದಿನ ಒಂದೇ ರೀತಿ ವರ್ತಿಸಿದೆ. ಇಲ್ಲಿ ನೋಡಬೇಕಾದ್ದು ಆ 900 ಯೂನಿಟ್. ಒಂದು ಕಿಲೋ ಸರಕನ್ನೂ ಕಾಯಿಸದ ದಿನವೂ ಖರ್ಚಾಗುವ ಪಾಲು ಅದು. ಗೋಡೆಯ ಸೋರಿಕೆ, ಖಾಲಿ ಕಾಯುವಿಕೆ, ಫ್ಯಾನುಗಳ ಓಟ ಎಲ್ಲವೂ ಅದರೊಳಗೆ ಅಡಗಿವೆ. ಸರಕನ್ನು ಕಾಯಿಸಲು ಬೇಕಾಗುವ ಶಾಖವನ್ನು ಭೌತವಿಜ್ಞಾನ ನಿಗದಿಪಡಿಸುವುದರಿಂದ ಟನ್ನಿನ ಪಾಲನ್ನು ತಗ್ಗಿಸಲು ಒಂದು ಮಿತಿಯಿದೆ. ಸ್ಥಿರ ಪಾಲನ್ನು ತಗ್ಗಿಸಲು ಹಲವು ಸಲ ವೇಳಾಪಟ್ಟಿ ಬದಲಿಸಿದರೆ ಸಾಕಾಗುತ್ತದೆ.

ಒಂದು ರಾತ್ರಿಯ ಗೆರೆಯನ್ನು ಓದುವುದು

ಈ ಸ್ಥಿರ ಪಾಲನ್ನು ಹಿಡಿಯಲು ಒಂದು ರಾತ್ರಿಯ ದಾಖಲೆಯನ್ನು ಹತ್ತಿರದಿಂದ ನೋಡೋಣ. ಕೊನೆಯ ಬ್ಯಾಚ್ ರಾತ್ರಿ 10 ಕ್ಕೆ ಹೊರಬಂದಿದೆ, ಮುಂದಿನದು ಒಳಹೋಗುವುದು ಬೆಳಗ್ಗೆ 6 ಕ್ಕೆ. ಆ 8 ಗಂಟೆ ಕುಲುಮೆ 850 ಡಿಗ್ರಿಯಲ್ಲೇ ಖಾಲಿ ನಿಂತು, ಗೋಡೆಯ ಸೋರಿಕೆಯನ್ನು ತುಂಬಿಕೊಳ್ಳಲು ಸರಾಸರಿ 40 ಕಿಲೋವ್ಯಾಟ್ ಎಳೆದಿದೆ ಎಂದಿರಲಿ. ಒಟ್ಟು 320 ಯೂನಿಟ್.

ತಾಪವನ್ನು 600 ಡಿಗ್ರಿಗೆ ಇಳಿಸಿ ಇಟ್ಟರೆ ಏನಾಗುತ್ತದೆ? ಆ ತಾಪದಲ್ಲಿ ಸೋರಿಕೆ 25 ಕಿಲೋವ್ಯಾಟ್ ಎಂದುಕೊಳ್ಳೋಣ. ವಿದ್ಯುತ್ ಕಡಿದ ಮೇಲೆ ಕುಲುಮೆ 600 ಕ್ಕೆ ಇಳಿಯಲು 3 ಗಂಟೆ ಬೇಕು. ಆ ಹೊತ್ತಿನಲ್ಲಿ ಬಳಕೆ ಸೊನ್ನೆ, ಆದರೆ ಇಟ್ಟಿಗೆಯಲ್ಲಿ ಕೂಡಿಟ್ಟ ಸುಮಾರು 97 ಯೂನಿಟ್ ಶಾಖ ಹೊರಹೋಗಿರುತ್ತದೆ. ಮುಂದಿನ ಮೂರೂವರೆ ಗಂಟೆ 600 ರಲ್ಲಿ ಹಿಡಿದಿಡಲು ಸುಮಾರು 88 ಯೂನಿಟ್ ಬೇಕು. ಕೊನೆಯ ಒಂದೂವರೆ ಗಂಟೆಯಲ್ಲಿ ಮತ್ತೆ 850 ಕ್ಕೆ ಏರಿಸಲು, ಕಳೆದುಕೊಂಡ 97 ಯೂನಿಟ್ ಮತ್ತು ಆ ಹೊತ್ತಿನ ಸೋರಿಕೆ ಸೇರಿ ಸುಮಾರು 146 ಯೂನಿಟ್ ಬೇಕು. ಒಟ್ಟು 234 ಯೂನಿಟ್. ಒಂದು ರಾತ್ರಿಗೆ 86 ಯೂನಿಟ್ ಉಳಿಯಿತು.

ತಣ್ಣಗಾದ ಕುಲುಮೆಯನ್ನು ಮತ್ತೆ ಕಾಯಿಸುವುದಕ್ಕೇ ಹೆಚ್ಚು ಖರ್ಚಾಗುತ್ತದೆ ಎಂಬ ಮಾತು ಪಾಳಿಯವರಲ್ಲಿ ಗಟ್ಟಿಯಾಗಿ ಬೇರೂರಿದೆ. ಮೇಲಿನ ಲೆಕ್ಕವು ಆ ಮಾತು ಎಲ್ಲಿ ತಪ್ಪುತ್ತದೆ ಎಂದು ತೋರಿಸುತ್ತದೆ: ಮತ್ತೆ ತುಂಬಬೇಕಾದ ಶಾಖವು ಇಳಿಯುವಾಗ ವಿದ್ಯುತ್ ಎಳೆಯದೆ ಉಳಿಸಿದ ಶಾಖವೇ ಆಗಿದ್ದು, ಕಡಿಮೆ ತಾಪದಲ್ಲಿದ್ದಷ್ಟು ಹೊತ್ತೂ ಸೋರಿಕೆ ಕಡಿಮೆಯಾಗುವುದೇ ನಿವ್ವಳ ಲಾಭ. ಆದರೆ ಪಾಳಿಯವರ ಮಾತಿನಲ್ಲಿ ಬೇರೊಂದು ಸತ್ಯವಿದೆ. ಇಟ್ಟಿಗೆಯ ಒಳಪದರವನ್ನು ಪದೇ ಪದೇ ವೇಗವಾಗಿ ಇಳಿಸಿ ಏರಿಸಿದರೆ ಅದು ಬಿರುಕು ಬಿಡುತ್ತದೆ, ಮತ್ತು ಹಲವು ಕುಲುಮೆಗಳು ಬೆಳಗ್ಗೆ ಒಟ್ಟಿಗೆ ಏರತೊಡಗಿದರೆ ಗರಿಷ್ಠ ಬೇಡಿಕೆ ಜಿಗಿದು ವಿದ್ಯುತ್ ಬಿಲ್ಲಿನಲ್ಲಿ ಬೇರೆ ದಾರಿಯಿಂದ ಹಣ ಹೋಗುತ್ತದೆ. ಆದ್ದರಿಂದ ಕುಲುಮೆ ತಯಾರಕರು ಹೇಳಿದ ಏರಿಳಿತದ ವೇಗವನ್ನು ಮೀರದೆ, ಕುಲುಮೆಗಳ ಆರಂಭವನ್ನು ಒಂದಾದ ಮೇಲೊಂದರಂತೆ ಹೊಂದಿಸಿಕೊಳ್ಳಬೇಕು. ನಾರಿನ ಹಗುರ ಒಳಪದರವಿರುವ ಕುಲುಮೆ ಬೇಗ ಇಳಿದು ಬೇಗ ಏರುವುದರಿಂದ ಸಣ್ಣ ಬಿಡುವಿನಲ್ಲೂ ಲಾಭ ಕೊಡುತ್ತದೆ. ಭಾರಿ ಇಟ್ಟಿಗೆಯದಕ್ಕೆ ದೀರ್ಘ ಬಿಡುವೇ ಬೇಕು. ನಿಮ್ಮ ಕುಲುಮೆ ಎಷ್ಟು ಹೊತ್ತಿಗೆ ಎಷ್ಟು ಇಳಿಯುತ್ತದೆ ಎಂಬುದನ್ನು ಊಹಿಸಬೇಕಾಗಿಲ್ಲ, ಒಂದು ರಜಾದಿನದ ದಾಖಲೆಯಲ್ಲೇ ಅದು ಬರೆದಿರುತ್ತದೆ.

ಇದೇ ಗೆರೆಯಲ್ಲಿ ಇನ್ನೊಂದನ್ನೂ ಗಮನಿಸಬೇಕು. ಖಾಲಿ ಕುಲುಮೆಯನ್ನು ಅದೇ 850 ರಲ್ಲಿ ಹಿಡಿದಿಡಲು ಬೇಕಾದ ಕಿಲೋವ್ಯಾಟ್ ಕಳೆದ ತಿಂಗಳು 40 ಇದ್ದು ಈ ತಿಂಗಳು 46 ಆಗಿದ್ದರೆ, ಗೋಡೆಯಲ್ಲೋ ಬಾಗಿಲಿನಲ್ಲೋ ಏನೋ ಬದಲಾಗಿದೆ. ಉತ್ಪಾದನೆಯ ಗದ್ದಲವಿಲ್ಲದ ಈ ಅಂಕಿಯೇ ಕುಲುಮೆಯ ಆರೋಗ್ಯಕ್ಕೆ ಅತ್ಯಂತ ಸ್ವಚ್ಛ ಅಳತೆ. ಅದು ಏರಿದ ದಿನ ಥರ್ಮಲ್ ಕ್ಯಾಮೆರಾ ಹಿಡಿದು ಹೊರಗೋಡೆಯನ್ನು ಒಂದು ಸುತ್ತು ನೋಡಿದರೆ, ಬಿಸಿಯಾದ ಕಲೆ ಎಲ್ಲಿದೆ ಎಂದು ಗೊತ್ತಾಗುತ್ತದೆ.

ಉರಿಯುವ ಇಂಧನವಿದ್ದರೆ

ಗಾಳಿಯಲ್ಲಿ ಸುಮಾರು ಶೇ. 21 ಆಮ್ಲಜನಕವಿರುತ್ತದೆ. ಒಣ ಹೊಗೆ ಅನಿಲದಲ್ಲಿ ಉಳಿದ ಆಮ್ಲಜನಕದ ಶೇಕಡಾ ಅಂಕಿಯನ್ನು, 21 ರಿಂದ ಅದೇ ಅಂಕಿಯನ್ನು ಕಳೆದು ಬಂದದ್ದರಿಂದ ಭಾಗಿಸಿದರೆ, ಹೆಚ್ಚುವರಿ ಗಾಳಿಯ ಅಂದಾಜು ಸಿಗುತ್ತದೆ. ಆಮ್ಲಜನಕ ಶೇ. 3 ಇದ್ದರೆ ಹೆಚ್ಚುವರಿ ಗಾಳಿ ಸುಮಾರು ಶೇ. 17, ಶೇ. 8 ಇದ್ದರೆ ಸುಮಾರು ಶೇ. 62. ಆ ಹೆಚ್ಚುವರಿ ಗಾಳಿಯಷ್ಟನ್ನೂ ತಂಪಾಗಿ ಒಳಗೆ ಎಳೆದುಕೊಂಡು, ಕಾಯಿಸಿ, ಚಿಮಣಿಯಿಂದ ಹೊರಗೆ ಬಿಡಲಾಗುತ್ತಿದೆ. ನೈಸರ್ಗಿಕ ಅನಿಲದ ಸುಸ್ಥಿತಿಯ ಬರ್ನರ್ ಪೂರ್ಣ ಉರಿಯಲ್ಲಿ ಶೇ. 3 ರ ಆಸುಪಾಸಿನಲ್ಲಿ ನಡೆಯಬಲ್ಲದು. ಕಡಿಮೆ ಉರಿಯಲ್ಲಿ ಸ್ವಲ್ಪ ಹೆಚ್ಚು ಬೇಕಾಗುತ್ತದೆ, ಘನ ಇಂಧನಕ್ಕೆ ಇನ್ನೂ ಹೆಚ್ಚು. ಗಾಳಿಯನ್ನು ಕಡಿಮೆ ಮಾಡುವ ಕೆಲಸವನ್ನು ಮಾತ್ರ ಅರ್ಹ ತಂತ್ರಜ್ಞರು, ಕಾರ್ಬನ್ ಮಾನಾಕ್ಸೈಡ್ ಅಳೆಯುವ ಉಪಕರಣ ಜೊತೆಗಿಟ್ಟುಕೊಂಡು, ಸ್ಥಳದಲ್ಲೇ ನಿಂತು ಮಾಡಬೇಕು. ದೂರದ ನಿಗಾ ಹೇಳುವುದು ಅವರನ್ನು ಯಾವಾಗ ಕರೆಸಬೇಕು ಎಂಬುದನ್ನು.

ಹೊಗೆ ಅನಿಲದ ತಾಪಮಾನವನ್ನು ಎಂದಿಗೂ ಲೋಡಿನಿಂದ ಬೇರ್ಪಡಿಸಿ ನೋಡಬಾರದು, ಏಕೆಂದರೆ ಲೋಡ್ ಏರಿದರೆ ಅದೂ ಸಹಜವಾಗಿಯೇ ಏರುತ್ತದೆ. ಅದೇ ಲೋಡಿನಲ್ಲಿ ವಾರದಿಂದ ವಾರಕ್ಕೆ ಏರುತ್ತಿದ್ದರೆ ಮಾತ್ರ ಕೊಳವೆಗಳ ಹೊರಗೆ ಮಸಿ ಅಥವಾ ಒಳಗೆ ಸುಣ್ಣದ ಪದರ ಕಟ್ಟುತ್ತಿದೆ ಎಂದು ಅರ್ಥ. ಬಾಯ್ಲರುಗಳಲ್ಲಿ ಹೊಗೆ ಅನಿಲದ ತಾಪಮಾನ 20 ರಿಂದ 22 ಡಿಗ್ರಿ ಇಳಿದರೆ ದಕ್ಷತೆ ಸುಮಾರು ಶೇ. 1 ಏರುತ್ತದೆ ಎಂಬುದು ಬಳಕೆಯಲ್ಲಿರುವ ಲೆಕ್ಕ. ಹಾಗೆಂದು ಗಂಧಕವಿರುವ ಇಂಧನದಲ್ಲಿ ಅದನ್ನು ಮಿತಿಮೀರಿ ಇಳಿಸಿದರೆ ಚಿಮಣಿಯೊಳಗೆ ಆಮ್ಲ ಹನಿಗಟ್ಟಿ ಲೋಹವನ್ನು ತಿನ್ನುತ್ತದೆ.

ಬರ್ನರ್ ಗಂಟೆಗೆ ಎಷ್ಟು ಸಲ ಹೊತ್ತಿ ಆರುತ್ತದೆ ಎಂಬ ಎಣಿಕೆಯನ್ನು ಹೆಚ್ಚಿನ ವ್ಯವಸ್ಥೆಗಳು ತೋರಿಸುವುದೇ ಇಲ್ಲ, ಕೇಳಿ ಹಾಕಿಸಿಕೊಳ್ಳಬೇಕು. ಪ್ರತಿ ಸಲ ಹೊತ್ತುವ ಮುನ್ನ ಫ್ಯಾನು ಒಳಗಿನ ಅನಿಲವನ್ನು ಹೊರದೂಡಲು ತಂಪು ಗಾಳಿಯನ್ನು ಹಾಯಿಸುತ್ತದೆ, ಅದರೊಡನೆ ಬಾಯ್ಲರಿನ ಶಾಖವೂ ಹೊರಹೋಗುತ್ತದೆ. ಸುರಕ್ಷತೆಗಾಗಿ ಇರುವ ಈ ಹಂತವನ್ನು ಮೊಟಕುಗೊಳಿಸುವಂತಿಲ್ಲ, ಹೊತ್ತಿ ಆರುವ ಸಂಖ್ಯೆಯನ್ನು ತಗ್ಗಿಸಬಹುದು. ಎರಡು ಬಾಯ್ಲರುಗಳು ಅರೆಲೋಡಿನಲ್ಲಿ ಹೊತ್ತಿ ಆರುತ್ತಿದ್ದರೆ ಒಂದನ್ನೇ ಚೆನ್ನಾಗಿ ನಡೆಸುವುದು ಮೇಲು.

ಹಬೆಯ ಜಾಲದ ಬಗ್ಗೆ ಎರಡೇ ಮಾತು. ಬಾಯ್ಲರಿಗೆ ಹೋಗುವ ನೀರು, ವ್ಯರ್ಥವಾಗುತ್ತಿರುವ ಶಾಖದಿಂದ ಪ್ರತಿ 6 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು ಶೇ. 1 ಇಂಧನ ಉಳಿಯುತ್ತದೆ. ಆದ್ದರಿಂದ ಆ ನೀರನ್ನು ಹಿಡಿದಿಡುವ ಫೀಡ್ ಟ್ಯಾಂಕಿನ ತಾಪಮಾನ ಒಮ್ಮೆಲೇ ಬಿದ್ದರೆ ಕಂಡೆನ್ಸೇಟ್ ಎಲ್ಲೋ ಚರಂಡಿ ಪಾಲಾಗುತ್ತಿದೆ ಎಂದು ತಿಳಿಯಬೇಕು. ಹಬೆಯನ್ನು ತಡೆದು ಕಂಡೆನ್ಸೇಟನ್ನಷ್ಟೇ ಹೊರಬಿಡುವ ಸ್ಟೀಮ್ ಟ್ರ್ಯಾಪ್ ತಣ್ಣಗಿದ್ದರೆ ಮುಚ್ಚಿಕೊಂಡು ಕೆಟ್ಟಿದೆ ಅಥವಾ ಅಲ್ಲಿಗೆ ಹಬೆಯೇ ಬರುತ್ತಿಲ್ಲ. ತೆರೆದುಕೊಂಡು ಕೆಟ್ಟದ್ದನ್ನು ಬರೀ ತಾಪಮಾನದಿಂದ ಖಚಿತವಾಗಿ ಹೇಳಲಾಗದು, ಅದಕ್ಕೆ ಹಬೆಯ ಸದ್ದನ್ನು ಹಿಡಿಯುವ ಅಲ್ಟ್ರಾಸಾನಿಕ್‌ನಂಥ ಸೆನ್ಸರ್ ಬೇಕು.

ಎಚ್ಚರಿಕೆಯ ಸಂದೇಶ ಯಾರಿಗೆ, ಯಾವಾಗ

ಅಳವಡಿಸಿದವರು ಮೊದಲ ವಾರದಲ್ಲೇ ನೂರೆಂಟು ಎಚ್ಚರಿಕೆಗಳನ್ನು ಹೊಂದಿಸಿಕೊಟ್ಟು ಹೋಗುತ್ತಾರೆ, ಎರಡನೇ ವಾರದಲ್ಲಿ ಎಲ್ಲರೂ ಮೊಬೈಲಿನ ಸದ್ದು ಆರಿಸುತ್ತಾರೆ. ಬಾಗಿಲು ತೆರೆದಾಗ ತಾಪಮಾನ ಕ್ಷಣಕಾಲ ಬೀಳುವುದು ಸಹಜವಾದ್ದರಿಂದ, ಮಿತಿ ದಾಟಿದ ಸ್ಥಿತಿ ಇಂತಿಷ್ಟು ನಿಮಿಷ ಮುಂದುವರಿದರೆ ಮಾತ್ರ ಸಂದೇಶ ಹೋಗಬೇಕು, ಮತ್ತು ಆರಿದ ಎಚ್ಚರಿಕೆ ಮಿತಿಯ ಅಂಚಿನಲ್ಲಿ ಪದೇ ಪದೇ ಹೊತ್ತದಂತೆ ಒಂದಿಷ್ಟು ಅಂತರ ಇಟ್ಟಿರಬೇಕು. ಪ್ರತಿ ಎಚ್ಚರಿಕೆಗೂ ಒಬ್ಬ ಹೊಣೆಗಾರ ಮತ್ತು ಆತ ಮಾಡಬೇಕಾದ ಒಂದು ಕೆಲಸ ಬರಹದಲ್ಲಿರಬೇಕು. “ಬಾಗಿಲು 5 ನಿಮಿಷದಿಂದ ತೆರೆದಿದೆ” ಎಂಬುದು ಪಾಳಿಯ ಮೇಲ್ವಿಚಾರಕರಿಗೆ, “ಸರಕಿಲ್ಲದೆ 45 ನಿಮಿಷದಿಂದ ಪೂರ್ಣ ತಾಪದಲ್ಲಿದೆ” ಎಂಬುದು ಉತ್ಪಾದನಾ ಯೋಜಕರಿಗೆ, “ಆಮ್ಲಜನಕ ಮೂರು ದಿನದಿಂದ ಶೇ. 6 ಮೀರಿದೆ” ಎಂಬುದು ನಿರ್ವಹಣಾ ವಿಭಾಗಕ್ಕೆ. ಯಾರೂ ಏನೂ ಮಾಡಲಾಗದ ಎಚ್ಚರಿಕೆಯನ್ನು ತೆಗೆದುಹಾಕುವುದೇ ಒಳಿತು. ಬಣ್ಣಬಣ್ಣದ ಪರದೆಗಳ ವಿಷಯದಲ್ಲೂ ನನ್ನ ಅಭಿಪ್ರಾಯ ಇದೇ: ಖಾಲಿ ನಿಂತ ಗಂಟೆ, ಬಾಗಿಲು ತೆರೆದ ನಿಮಿಷ, ಆಧಾರರೇಖೆಗಿಂತ ಹೆಚ್ಚಾದ ಯೂನಿಟ್ ಈ ಮೂರು ಅಂಕಿಗಳಿರುವ ಒಂದು ಹಾಳೆ, ಹನ್ನೆರಡು ಮುಳ್ಳಿನ ಮಾಪಕಗಳ ಚಿತ್ರಗಳಿರುವ ಪರದೆಗಿಂತ ಹೆಚ್ಚು ಕೆಲಸ ಮಾಡಿಸುತ್ತದೆ.

ಉಳಿತಾಯವನ್ನು ಲೆಕ್ಕದಲ್ಲಿ ಇಡುವುದು

ಬದಲಾವಣೆಗಳನ್ನು ಒಂದೊಂದಾಗಿ, ದಿನಾಂಕ ಬರೆದಿಟ್ಟು ಮಾಡಬೇಕು. ಪ್ರತಿದಿನ, ಆಧಾರರೇಖೆಯ ಪ್ರಕಾರ ಆ ಉತ್ಪಾದನೆಗೆ ಆಗಬೇಕಾಗಿದ್ದ ಬಳಕೆಯನ್ನು ನಿಜವಾದ ಬಳಕೆಯಿಂದ ಕಳೆದು, ಬಂದ ವ್ಯತ್ಯಾಸವನ್ನು ಹಿಂದಿನ ದಿನದ ಮೊತ್ತಕ್ಕೆ ಕೂಡುತ್ತ ಹೋದರೆ ಒಂದು ಗೆರೆ ಸಿಗುತ್ತದೆ. ಏನೂ ಬದಲಾಗದಿದ್ದರೆ ಅದು ಸಮತಟ್ಟಾಗಿ ಓಡುತ್ತದೆ, ಉಳಿತಾಯವಾಗುತ್ತಿದ್ದರೆ ಕೆಳಮುಖವಾಗಿ ಇಳಿಯುತ್ತದೆ, ಯಾವುದೋ ದಿನ ಮತ್ತೆ ಮೇಲಕ್ಕೆ ಬಾಗಿದರೆ ಆ ದಿನ ಏನಾಯಿತು ಎಂದು ದಾಖಲೆ ಪುಸ್ತಕ ತೆರೆಯಬೇಕು. ಶಕ್ತಿ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್ಒ 50001 ಅನ್ನು ಅನುಸರಿಸುವ ಸಂಸ್ಥೆಗಳಿಗೆ, ಅದು ಕೇಳುವ ಆಧಾರರೇಖೆ ಮತ್ತು ಸಾಧನೆಯ ಸೂಚಕಗಳಿಗೆ ಇದೇ ದಾಖಲೆ ಒದಗಿಬರುತ್ತದೆ.

ಸೆನ್ಸರುಗಳೂ ವಯಸ್ಸಾಗುವ ವಸ್ತುಗಳೇ. ಹೆಚ್ಚಿನ ತಾಪದಲ್ಲಿ ತಿಂಗಳುಗಟ್ಟಲೆ ಇರುವ ಕೆ ಟೈಪ್ ಥರ್ಮೋಕಪಲ್ ನಿಧಾನವಾಗಿ ನಿಜದಿಂದ ಸರಿಯುತ್ತದೆ, ಮತ್ತು ಅದು ಕಡಿಮೆ ಓದತೊಡಗಿದರೆ ನಿಯಂತ್ರಕವು ಕುಲುಮೆಯನ್ನು ಹೊಂದಿಸಿದ್ದಕ್ಕಿಂತ ಹೆಚ್ಚು ಕಾಯಿಸುತ್ತಿದ್ದರೂ ಪರದೆಯಲ್ಲಿ ಏನೂ ಕಾಣುವುದಿಲ್ಲ. ಪಕ್ಕದಲ್ಲೇ ಪರೀಕ್ಷಿಸಿದ ಇನ್ನೊಂದು ಥರ್ಮೋಕಪಲನ್ನು ಇಳಿಬಿಟ್ಟು ನಿಗದಿತ ಅವಧಿಗೊಮ್ಮೆ ಹೋಲಿಸಬೇಕು. ಆಮ್ಲಜನಕದ ಸೆನ್ಸರನ್ನು ಪ್ರಮಾಣಿತ ಅನಿಲದಿಂದ ಪರೀಕ್ಷಿಸಬೇಕು. ಹೊಸ ಬಗೆಯ ಸರಕು ಬಂದಾಗ, ಒಳಪದರ ಬದಲಿಸಿದಾಗ, ಬರ್ನರ್ ಅಥವಾ ಹೀಟರ್ ಹೊಸದಾದಾಗ ಹಳೆಯ ಆಧಾರರೇಖೆಯನ್ನು ಅಲ್ಲಿಗೇ ಮುಚ್ಚಿ, ದಿನಾಂಕ ನಮೂದಿಸಿ, ಮತ್ತೆ ನಾಲ್ಕು ವಾರದ ಅಂಕಿಗಳಿಂದ ಹೊಸದನ್ನು ಎಳೆದುಕೊಳ್ಳಬೇಕು.